ಕಂಪನಿಯಿಂದ ನೇರ ತರಿಸಿದ ಲ್ಯಾಪ್‌ಟಾಪ್‌ಗೆ ಲಿನಕ್ಸ್: ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಹಂಪನಕಟ್ಟೆಯಲ್ಲೋ ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಆಸುಪಾಸಿನಲ್ಲೋ ಕೊಂಡ ಲ್ಯಾಪ್‌ಟಾಪ್ ಆದರೆ, ತಕರಾರು ಬಂದಾಗ ಅದನ್ನು ಹೊತ್ತುಕೊಂಡು ಹೋಗಿ ಕೊಟ್ಟವರ ಮೇಜಿನ ಮೇಲಿಡಬಹುದು. ಡೆಲ್, ಲೆನೊವೊ, ಎಚ್‌ಪಿಯಂಥ ಕಂಪನಿಯ ಜಾಲತಾಣದಲ್ಲಿ ಭಾಗಗಳನ್ನು ಆರಿಸಿ ನೇರವಾಗಿ ತರಿಸಿದಾಗ ಆ ಮೇಜು ಇಲ್ಲ. ಇರುವುದು ಒಂದು ಫೋನ್ ನಂಬರ್, ಯಂತ್ರದ ತಳದಲ್ಲಿ ಅಂಟಿಸಿದ ಸರ್ವಿಸ್ ಟ್ಯಾಗ್, ಮತ್ತು ಬಿಲ್ಲಿನಲ್ಲಿ ಬರೆದ ವಾಪಸಾತಿ ಅವಧಿ. ಅದರ ಮೇಲೆ "ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ್ದೇವೆ" ಎಂದರೆ ಫೋನಿನಾಚೆಯವರು ಮೊದಲು ಹೇಳುವುದೇ ವಿಂಡೋಸ್ ವಾಪಸ್ ಹಾಕಿ ನೋಡಿ ಎಂದು.

ಹಾಗಾಗಿ ಇಲ್ಲಿ ಹಿಡಿದಿರುವ ಕ್ರಮ ಇದು: ದೋಷ ಯಂತ್ರದ್ದೋ, ಬಯೋಸ್ (ಆಪರೇಟಿಂಗ್ ಸಿಸ್ಟಮ್‌ಗೂ ಮೊದಲು ಏಳುವ, ಯಂತ್ರದೊಳಗಿನ ತಂತ್ರಾಂಶ) ಸೆಟ್ಟಿಂಗ್‌ನದೋ, ಆಪರೇಟಿಂಗ್ ಸಿಸ್ಟಮ್‌ನದೋ, ಮನೆಯ ಕರೆಂಟಿನದೋ ಎಂದು ಮೊದಲು ಬೇರ್ಪಡಿಸುವುದು. ಸಾಧ್ಯವಾದಷ್ಟನ್ನು ಬಂದ ವಿಂಡೋಸ್ ಇನ್ನೂ ಡಿಸ್ಕ್‌ನಲ್ಲಿ ಇರುವಾಗಲೇ ಮುಗಿಸುವುದು.

ಆಜ್ಞೆಗಳನ್ನು ಕೆಳಗೆ ಉಚ್ಚಾರದಂತೆ ಕನ್ನಡದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ (ಆಜ್ಞೆ ಬರೆಯುವ ಕಿಟಕಿ) ಹೊಡೆಯುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಆರ್ಡರ್ ಪುಟದಲ್ಲೇ ತಪ್ಪಿಸಬಹುದಾದ ತಲೆನೋವು

ಆರ್ಡರ್ ಕೊಡುವ ಮೊದಲು ನಿಮ್ಮ ಪಿನ್‌ಕೋಡ್ ಹಾಕಿ ನೋಡಿ. 575001 ಅಥವಾ 576104ಕ್ಕೆ ಸಿಗುವ ಮನೆಬಾಗಿಲಿನ ಸರ್ವಿಸ್ ಬೈಂದೂರು, ಸುಳ್ಯದ ಒಳಗಿನ ಪಿನ್‌ಕೋಡ್‌ಗಳಿಗೂ ಅಷ್ಟೇ ಬೇಗ ಸಿಗುತ್ತದೆ ಎಂದು ಊಹಿಸಿಕೊಳ್ಳಬೇಡಿ. ಆನ್‌ಸೈಟ್ ವಾರಂಟಿ ಎಂಬ ಪದ ಬಿಲ್ಲಿನಲ್ಲೇ ಇರಬೇಕು. ಇಲ್ಲದಿದ್ದರೆ ಅದು ನೀವೇ ಹೊತ್ತುಕೊಂಡು ಹೋಗಬೇಕಾದ ವಾರಂಟಿ.

ಆಪರೇಟಿಂಗ್ ಸಿಸ್ಟಮ್ ಆಯ್ಕೆಯಲ್ಲಿ ಉಬುಂಟು (ಲಿನಕ್ಸ್‌ನ ಒಂದು ಬಗೆ) ಇದ್ದರೆ ಅದನ್ನೇ ಆರಿಸಿ. ಆಮೇಲೆ ನೀವು ಫೆಡೋರಾ, ಡೆಬಿಯನ್ ಏನೇ ಹಾಕಿಕೊಂಡರೂ ಆ ಯಂತ್ರದ ವೈಫೈ, ಸೌಂಡ್, ಡಿಸ್ಕ್ ಎಲ್ಲ ಲಿನಕ್ಸ್‌ನಲ್ಲಿ ನಡೆಯುತ್ತದೆ ಎಂಬುದಕ್ಕೆ ಕಂಪನಿಯೇ ಸಾಕ್ಷಿ ಆಗುತ್ತದೆ. ಫ್ರೀಡಾಸ್ ಹಾಕಿ ಬರುವ ಎಚ್‌ಪಿಗೆ ಅಥವಾ "ಆಪರೇಟಿಂಗ್ ಸಿಸ್ಟಮ್ ಇಲ್ಲ" ಎಂಬ ಲೆನೊವೊ ಥಿಂಕ್‌ಪ್ಯಾಡ್‌ಗೆ ಈ ಭರವಸೆ ಇಲ್ಲ, ಬೆಲೆ ಮಾತ್ರ ಕಡಿಮೆ. ಆದರೆ ಟ್ಯಾಲಿ ಬೇಕು, ಜಿಎಸ್‌ಟಿಗೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬೇಕು ಎಂದಾದರೆ ವಿಂಡೋಸ್ ಸಮೇತವೇ ತರಿಸಿ, ಎರಡನ್ನೂ ಇಟ್ಟುಕೊಳ್ಳಿ. ಆಡಿಟರ್ ಕಚೇರಿಯಲ್ಲಿ ಸಿದ್ಧಾಂತಕ್ಕಾಗಿ ವಿಂಡೋಸ್ ತೆಗೆಯುವುದು ಜುಲೈ ತಿಂಗಳಲ್ಲಿ ರಿಟರ್ನ್ ಫೈಲ್ ಮಾಡುವಾಗ ನೆನಪಾಗುತ್ತದೆ.

ವೈಫೈ ಕಾರ್ಡ್ ಆರಿಸುವ ಅವಕಾಶ ಇದ್ದರೆ ಇಂಟೆಲ್ ಎಂದಿರುವುದನ್ನು ಆರಿಸಿ. ವ್ಯತ್ಯಾಸ ಕೆಲವು ನೂರು ರೂಪಾಯಿ ಆದರೂ ಕೊಡಿ. ರಿಯಲ್‌ಟೆಕ್ ಮತ್ತು ಮೀಡಿಯಾಟೆಕ್ ಕಾರ್ಡ್‌ಗಳು ನಡೆಯುತ್ತವೆ, ಆದರೆ ಹೊಸ ಮಾದರಿಗಳಿಗೆ ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಬೇಕು. ಎಂಟಿ7902ರಂಥ ಮೀಡಿಯಾಟೆಕ್ ಚಿಪ್‌ಗೆ ವರ್ಷಗಟ್ಟಲೆ ಲಿನಕ್ಸ್ ಡ್ರೈವರ್ ಬರಲೇ ಇಲ್ಲ.

ಪೆಟ್ಟಿಗೆ ಬಂದ ದಿನ

ಮಳೆಗಾಲದಲ್ಲಿ ಕೊರಿಯರ್ ವ್ಯಾನಿನಿಂದ ಇಳಿದ ಪೆಟ್ಟಿಗೆ ತಣ್ಣಗೆ, ಒದ್ದೆಯಾಗಿ ಬರುವುದುಂಟು. ತಕ್ಷಣ ಆನ್ ಮಾಡಬೇಡಿ. ಒಳಗಿನ ಪ್ಲಾಸ್ಟಿಕ್ ಚೀಲ ಬಿಚ್ಚದೆ ಮನೆಯ ಬಿಸಿಗೆ ಬರುವ ತನಕ ಮೂರ್ನಾಲ್ಕು ಗಂಟೆ ಬಿಡಿ. ಚೀಲ ಬಿಚ್ಚಿದರೆ ಇಲ್ಲಿನ ತೇವದ ಗಾಳಿ ತಣ್ಣನೆಯ ಲೋಹದ ಮೇಲೆ ನೀರಾಗಿ ಕೂರುತ್ತದೆ. ಬಿಚ್ಚುವಾಗ ಒಂದೇ ಸಲ ಪೂರ್ತಿ ವೀಡಿಯೊ ಮಾಡಿ, ಸರ್ವಿಸ್ ಟ್ಯಾಗ್ ಕಾಣುವಂತೆ. ಪೆಟ್ಟಿಗೆ, ಥರ್ಮಾಕೋಲ್ ವಾಪಸಾತಿ ಅವಧಿ ಮುಗಿಯುವವರೆಗೆ ಅಟ್ಟದಲ್ಲಿರಲಿ.

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಾಗಿಯೇ ಇದ್ದರೆ ಗಾಬರಿ ಬೇಡ. ಡಿಡಿಆರ್5 ರ‍್ಯಾಮ್ ಇರುವ ಯಂತ್ರಗಳು ಮೊದಲ ಬೂಟ್‌ನಲ್ಲಿ, ಮತ್ತೆ ರ‍್ಯಾಮ್ ಬದಲಿಸಿದಾಗ ಅಥವಾ ಬಯೋಸ್ ಅಪ್‌ಡೇಟ್ ಆದಾಗ, ರ‍್ಯಾಮ್ ಜೊತೆ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ಚಾರ್ಜರ್ ಹಾಕಿ, ಹತ್ತು ನಿಮಿಷ ಕಾಯಿರಿ. ಆಮೇಲೂ ಕಪ್ಪೇ ಇದ್ದರೆ ದೀಪ ನೋಡಿ: ಡೆಲ್‌ನಲ್ಲಿ ಬ್ಯಾಟರಿ ದೀಪ ಎರಡು ಸಲ ಕಿತ್ತಳೆ, ಮೂರು ಸಲ ಬಿಳಿ ಮಿನುಗಿದರೆ ರ‍್ಯಾಮ್ ಕಾಣುತ್ತಿಲ್ಲ ಎಂದರ್ಥ. ಎರಡು ಕಿತ್ತಳೆ, ನಾಲ್ಕು ಬಿಳಿ ಎಂದರೆ ರ‍್ಯಾಮ್ ಇದೆ, ಕೆಟ್ಟಿದೆ.

ಯಂತ್ರ ಎದ್ದ ಮೇಲೆ ಮೊದಲ ಕೆಲಸ ಬೂಟ್ ಆಗುವ ಮುನ್ನವೇ ಓಡುವ ಪರೀಕ್ಷೆ. ಡೆಲ್‌ನಲ್ಲಿ ಆನ್ ಮಾಡಿದ ಕೂಡಲೇ ಎಫ್12 ಒತ್ತಿ ಡಯಾಗ್ನಾಸ್ಟಿಕ್ಸ್ ಆರಿಸಿ. ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್2, ಈಚಿನ ಥಿಂಕ್‌ಪ್ಯಾಡ್‌ಗಳಲ್ಲಿ ಎಫ್10. ಇದಕ್ಕೆ ವಿಂಡೋಸೂ ಬೇಡ, ಲಿನಕ್ಸೂ ಬೇಡ. ಇಲ್ಲಿ ಬಂದ ದೋಷದ ಸಂಖ್ಯೆಯನ್ನು ಫೋಟೊ ತೆಗೆದಿಟ್ಟರೆ ಆಮೇಲೆ ಸರ್ವಿಸ್‌ನವರ ಜೊತೆ ಆಪರೇಟಿಂಗ್ ಸಿಸ್ಟಮ್ ಬಗ್ಗೆ ವಾದವೇ ಬರುವುದಿಲ್ಲ.

ನಂತರ ವಿಂಡೋಸ್‌ಗೆ ಹೋಗಿ ಮೂರು ಕೆಲಸ ಮಾಡಿಕೊಳ್ಳಿ. ಒಂದು, ರಿಕವರಿ ಡ್ರೈವ್: 32 ಜಿಬಿ ಪೆನ್‌ಡ್ರೈವ್‌ನಲ್ಲಿ. ವಿಂಡೋಸ್ ಲೈಸೆನ್ಸ್ ಕೀ ಮದರ್‌ಬೋರ್ಡ್‌ನ ಫರ್ಮ್‌ವೇರ್‌ನಲ್ಲೇ ಬರೆದಿರುತ್ತದೆ, ಹಾಗಾಗಿ ಮುಂದೆ ಅದೇ ಆವೃತ್ತಿ ಹಾಕಿದರೆ ಕೀ ಕೇಳದೆ ಆಕ್ಟಿವೇಟ್ ಆಗುತ್ತದೆ. ಕೀ ಬರೆದಿಟ್ಟುಕೊಳ್ಳುವ ತಾಪತ್ರಯ ಇಲ್ಲ. ಎರಡು, ಲ್ಯಾಪ್‌ಟಾಪ್ ಜೊತೆ ಎಂಎಸ್ ಆಫೀಸ್ ಕೊಟ್ಟಿದ್ದರೆ ಅದನ್ನು ಈಗಲೇ ತೆರೆದು ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಕಟ್ಟಿ. ಆಫೀಸ್‌ನ ಹಕ್ಕು ವಿಂಡೋಸ್ ಕೀ ಹಾಗೆ ತಾನಾಗಿ ವಾಪಸ್ ಬರುವುದಿಲ್ಲ, ಡಿಸ್ಕ್ ಒರೆಸಿದ ಮೇಲೆ ಹಣ ಕೊಟ್ಟ ಆಫೀಸನ್ನು ಕಳೆದುಕೊಂಡವರು ಬೇಕಾದಷ್ಟು. ಮೂರು, ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) ಕೀ. ಅದರ ವಿಚಾರ ಮುಂದೆ ಬರುತ್ತದೆ.

ಡಿಸ್ಕ್ ಹೊಸದೇ ಹೌದೋ ಎಂಬುದನ್ನೂ ನೋಡಬಹುದು. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಸ್ಮಾರ್ಟ್‌ಮಾನ್‌ಟೂಲ್ಸ್ ಪ್ಯಾಕೇಜ್ ಹಾಕಿ, 'ಸುಡೊ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎನ್‌ವಿಎಂಇ0' ಎಂದು ಕೊಡಿ. ಪವರ್ ಆನ್ ಅವರ್ಸ್ ಬೆರಳೆಣಿಕೆಯಷ್ಟಿರಬೇಕು, ಮೀಡಿಯಾ ಎರರ್ಸ್ ಸೊನ್ನೆ ಇರಬೇಕು. ನೂರಾರು ಗಂಟೆ ತೋರಿಸಿದರೆ ಅಂದೇ ದೂರು ಕೊಡಿ. ಬ್ಯಾಟರಿಗೆ 'ಯುಪವರ್ -ಡಿ': ಫುಲ್ ಎಂಬ ಅಂಕಿ ಫುಲ್ ಡಿಸೈನ್ ಎಂಬುದರ ಹತ್ತಿರ ಇರಬೇಕು.

ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತಿಲ್ಲ

ಬಹುಪಾಲು ಸಲ ತಪ್ಪು ಪೆನ್‌ಡ್ರೈವ್‌ನದೇ. ಡೌನ್‌ಲೋಡ್ ಮಾಡಿದ ಲಿನಕ್ಸ್‌ನ ಐಎಸ್‌ಒ ಫೈಲನ್ನು ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗದು. ಅದನ್ನು ಬೂಟ್ ಆಗುವಂತೆ ಬರೆಯಲು ರೂಫಸ್, ಬಲೇನಾ ಎಚರ್ ಅಥವಾ ವೆಂಟಾಯ್ ಬೇಕು. ಡೌನ್‌ಲೋಡ್ ಮಧ್ಯೆ ಕರೆಂಟ್ ಹೋಗಿ ರೂಟರ್ ಆರಿದ್ದರೆ ಫೈಲ್ ಅರ್ಧವಾಗಿರಬಹುದು, ಆದ್ದರಿಂದ ಎಸ್‌ಎಚ್‌ಎ256 ಮೊತ್ತವನ್ನು (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಡೌನ್‌ಲೋಡ್ ಪುಟದಲ್ಲಿ ಕೊಟ್ಟದ್ದರ ಜೊತೆ ತಾಳೆ ನೋಡಿ. ವಿಂಡೋಸ್‌ನಲ್ಲೇ 'ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್', ಫೈಲಿನ ಹೆಸರು, 'ಎಸ್‌ಎಚ್‌ಎ256' ಎಂದು ಕೊಟ್ಟರೆ ಸಿಗುತ್ತದೆ.

ಪೆನ್‌ಡ್ರೈವ್ ಸರಿ ಇದ್ದೂ ಮೆನುವಿನಲ್ಲಿ ಕಾಣದಿದ್ದರೆ ಮೆನು ತೆರೆಯುವ ಕೀ ಸರಿ ಇದೆಯೇ ನೋಡಿ: ಡೆಲ್, ಥಿಂಕ್‌ಪ್ಯಾಡ್ ಎಫ್12, ಎಚ್‌ಪಿ ಎಫ್9, ಏಸುಸ್ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಮೊದಲು ಬಯೋಸ್ ಒಳಗೆ ಎಫ್12 ಬೂಟ್ ಮೆನು ಎಂಬುದನ್ನು ಚಾಲೂ ಮಾಡಬೇಕು.

ಮೆನುವಿನಲ್ಲಿ ಕಂಡು, ಆರಿಸಿದ ಮೇಲೆ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಿಸ್ಟಮ್ ಏಳದಂತೆ ತಡೆಯುವ ಕಾವಲು) ಉಲ್ಲಂಘನೆ ಎಂದು ಬಂದರೆ ಎರಡು ಕಾರಣ ಇರಬಹುದು. ಉಬುಂಟು, ಫೆಡೋರಾ, ಡೆಬಿಯನ್, ಓಪನ್‌ಸೂಸೆ ಎಲ್ಲವೂ ಮೈಕ್ರೋಸಾಫ್ಟ್ ಸಹಿ ಇರುವ ಶಿಮ್ ಎಂಬ ಪುಟ್ಟ ಬೂಟ್ ಫೈಲಿನ ಮೂಲಕ ಬೂಟ್ ಆಗುತ್ತವೆ, ಅವಕ್ಕೆ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗಿಲ್ಲ. ಆದರೆ 2022ರಿಂದೀಚಿನ ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ "ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ" ಎಂಬ ಅನುಮತಿ ಮುಚ್ಚಿ ಬರುತ್ತದೆ; ಬಯೋಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ಅದನ್ನು ತೆರೆದರೆ ಸಾಕು. ಆರ್ಚ್‌ನಂಥ ಸಹಿ ಇಲ್ಲದ ಸಿಸ್ಟಮ್ ಆದರೆ ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕು. ಏಸರ್‌ನಲ್ಲಿ ಆ ಆಯ್ಕೆ ಮಸುಕಾಗಿ ಕಂಡರೆ ಮೊದಲು ಸೂಪರ್‌ವೈಸರ್ ಪಾಸ್‌ವರ್ಡ್ ಇಡಿ, ಆಮೇಲೆ ತೆರೆದುಕೊಳ್ಳುತ್ತದೆ. ಆ ಪಾಸ್‌ವರ್ಡ್ ಮರೆತರೆ ಸರ್ವಿಸ್ ಸೆಂಟರ್ ದಾರಿಯೇ ಗತಿ. ಕೆಲಸ ಮುಗಿದ ಕೂಡಲೇ ಅದನ್ನು ಖಾಲಿ ಮಾಡಿ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣುತ್ತಿಲ್ಲ

ಹೊಸ ಯಂತ್ರಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಬಂದು ಎಡವುವ ಜಾಗ ಇದು, ಎಸ್‌ಎಸ್‌ಡಿ ಕೆಟ್ಟಿದೆ ಎಂದು ದೂರು ಕೊಟ್ಟು ಮುಜುಗರ ಪಡುವ ಜಾಗವೂ ಇದೇ. ಇಂಟೆಲ್ ಪ್ರೊಸೆಸರ್ ಇರುವ ಹಲವು ಲ್ಯಾಪ್‌ಟಾಪ್‌ಗಳು ಡಿಸ್ಕನ್ನು ಇಂಟೆಲ್‌ನ ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಪದರದ ಹಿಂದೆ ಇಟ್ಟು ಬರುತ್ತವೆ. ಡೆಲ್ ಬಯೋಸ್‌ನಲ್ಲಿ ಅದರ ಹೆಸರು "ರೈಡ್ ಆನ್". ಒಂದೇ ಡಿಸ್ಕ್ ಇರುವಲ್ಲಿ ರೈಡ್ ಏಕೆ ಎಂದು ಕೇಳಬೇಡಿ, ಹಾಗೆಯೇ ಬರುತ್ತದೆ. ಉಬುಂಟುವಿನ ಇನ್‌ಸ್ಟಾಲರ್ ಆರ್‌ಎಸ್‌ಟಿ ಇದೆ ಎಂದು ಹೇಳಿ ನಿಲ್ಲುತ್ತದೆ. ಕೆಲವು ಇನ್‌ಸ್ಟಾಲರ್‌ಗಳು ಏನೂ ಹೇಳದೆ ನಿಮ್ಮ ಪೆನ್‌ಡ್ರೈವ್ ಒಂದನ್ನೇ ತೋರಿಸುತ್ತವೆ, ಅವಸರದವರು ಅದರ ಮೇಲೆಯೇ ಇನ್‌ಸ್ಟಾಲ್ ಒತ್ತುತ್ತಾರೆ.

ಮೊದಲು ಖಚಿತಪಡಿಸಿಕೊಳ್ಳಿ. ಟರ್ಮಿನಲ್‌ನಲ್ಲಿ 'ಎಲ್‌ಎಸ್‌ಬಿಎಲ್‌ಕೆ' ಕೊಟ್ಟಾಗ ಎನ್‌ವಿಎಂಇ ಎಂಬ ಸಾಲು ಇಲ್ಲ, 'ಎಲ್‌ಎಸ್‌ಪಿಸಿಐ' ಕೊಟ್ಟಾಗ ರೈಡ್ ಬಸ್ ಕಂಟ್ರೋಲರ್ ಎಂಬ ಸಾಲು ಇದೆ ಎಂದಾದರೆ ರೋಗ ಇದೇ. ಎರಡರಲ್ಲೂ ಡಿಸ್ಕ್‌ನ ಸುಳಿವೇ ಇಲ್ಲ, ಬಯೋಸ್‌ನ ಮಾಹಿತಿ ಪುಟದಲ್ಲೂ ಇಲ್ಲ ಎಂದಾದರೆ ಮಾತ್ರ ಎಸ್‌ಎಸ್‌ಡಿ ಸಡಿಲವಾಗಿದೆ ಅಥವಾ ಸತ್ತಿದೆ.

ವಿಂಡೋಸ್ ಬೇಡ ಎನ್ನುವವರಿಗೆ ಪರಿಹಾರ ಒಂದು ನಿಮಿಷದ್ದು: ಬಯೋಸ್‌ನಲ್ಲಿ ಎಎಚ್‌ಸಿಐ ಅಥವಾ ಎನ್‌ವಿಎಂಇ ಎಂದು ಬದಲಿಸಿ, ಇನ್‌ಸ್ಟಾಲ್ ಮಾಡಿ. ವಿಂಡೋಸ್ ಉಳಿಯಬೇಕು ಎನ್ನುವವರು ಹೀಗೆಯೇ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ, ಏಕೆಂದರೆ ಬೂಟ್ ಆಗುವಾಗ ಅದು ಹಳೆಯ ಡ್ರೈವರನ್ನೇ ಎಬ್ಬಿಸುತ್ತದೆ, ಹೊಸ ದಾರಿಯಲ್ಲಿ ಡಿಸ್ಕ್ ಸಿಗುವುದಿಲ್ಲ. ಅದಕ್ಕೆ ಸೇಫ್ ಮೋಡ್ ಮೂಲಕ ಸುತ್ತು ಹಾಕಬೇಕು:

ಬಿಟ್‌ಲಾಕರ್ ಕೀ ಕೈಯಲ್ಲಿದೆ ಎಂದು ನೋಡಿಕೊಂಡು ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ, ಡಿಸ್ಕ್‌ನ ಬೀಗ ಪೂರ್ತಿ ಬಿಚ್ಚಿಕೊಳ್ಳುವ ತನಕ ಕಾಯಿರಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ 'ಎಂಎಸ್‌ಕಾನ್ಫಿಗ್' ತೆರೆಯಿರಿ. ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್, ಮಿನಿಮಲ್ ಗುರುತು ಹಾಕಿ ರೀಸ್ಟಾರ್ಟ್ ಕೊಡಿ. ವಿಂಡೋಸ್ ಬರುವ ಮೊದಲೇ ಬಯೋಸ್ ಒಳಗೆ ಹೋಗಿ ಎಎಚ್‌ಸಿಐಗೆ ಬದಲಿಸಿ ಉಳಿಸಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಏಳುತ್ತದೆ, ತನಗೆ ಬೇಕಾದ ಡ್ರೈವರನ್ನು ತಾನೇ ಹುಡುಕಿಕೊಳ್ಳುತ್ತದೆ. ಮತ್ತೆ ಎಂಎಸ್‌ಕಾನ್ಫಿಗ್ ತೆರೆದು ಗುರುತು ತೆಗೆದು ರೀಸ್ಟಾರ್ಟ್. ಸೇಫ್ ಮೋಡ್‌ನಲ್ಲಿ ನಾಲ್ಕಂಕಿಯ ಪಿನ್ ಕೆಲವೊಮ್ಮೆ ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯ ಪಾಸ್‌ವರ್ಡ್ ಗೊತ್ತಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ನೀಲಿ ಪರದೆ ಬಂದೇಬಿಟ್ಟಿತು ಎಂದಾದರೆ ಡೇಟಾ ಹೋಗಿಲ್ಲ. ಬಯೋಸ್‌ನಲ್ಲಿ ಮೊದಲಿನ ಸೆಟ್ಟಿಂಗ್‌ಗೆ ವಾಪಸ್ ಬಂದರೆ ವಿಂಡೋಸ್ ಎದ್ದು ಕೂರುತ್ತದೆ, ಆಮೇಲೆ ಮೇಲಿನ ಕ್ರಮ ಹಿಡಿಯಿರಿ. ಏಸರ್ ಬಯೋಸ್‌ನಲ್ಲಿ ವಿಎಂಡಿ ಆಯ್ಕೆಯೇ ಕಾಣದಿದ್ದರೆ ಮೇನ್ ಟ್ಯಾಬ್‌ನಲ್ಲಿ ಕಂಟ್ರೋಲ್ ಜೊತೆ ಎಸ್ ಒತ್ತಿ, ಅಡಗಿಸಿಟ್ಟದ್ದು ಹೊರಬರುತ್ತದೆ.

ಡಿಸ್ಕ್ ಕಂಡರೂ ಜಾಗ ಬಿಡಿಸಲಾಗದಿದ್ದರೆ: 512 ಜಿಬಿಯಲ್ಲಿ ಅರ್ಧದಷ್ಟು ಮಾತ್ರ ಕಿರಿದುಗೊಳಿಸಲು ವಿಂಡೋಸ್ ಬಿಡುವುದು ಸಾಮಾನ್ಯ. ಪೇಜ್‌ಫೈಲ್, ಹೈಬರ್ನೇಷನ್ ಫೈಲ್, ಸಿಸ್ಟಮ್ ರಿಸ್ಟೋರ್‌ನ ನಕಲುಗಳು ಡಿಸ್ಕ್‌ನ ನಡುವೆ ಕೂತಿರುತ್ತವೆ, ಅವು ಜರುಗುವುದಿಲ್ಲ. ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಪವರ್‌ಸಿಎಫ್‌ಜಿ /ಎಚ್ ಆಫ್' ಕೊಟ್ಟು, ಪೇಜ್‌ಫೈಲ್, ಸಿಸ್ಟಮ್ ಪ್ರೊಟೆಕ್ಷನ್ ತಾತ್ಕಾಲಿಕವಾಗಿ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ಕರ್ನಲನ್ನೇ ಇಎಫ್‌ಐ ಪಾರ್ಟಿಷನ್‌ನಲ್ಲಿ (ಬೂಟ್ ಕಡತಗಳಿರುವ ಡಿಸ್ಕ್‌ನ ಭಾಗ) ಇಡುವ ಪಾಪ್ ಓಎಸ್‌ನಂಥದ್ದಕ್ಕೆ ಕಂಪನಿ ಕೊಟ್ಟ 100 ಅಥವಾ 260 ಎಂಬಿಯ ಇಎಫ್‌ಐ ಪಾರ್ಟಿಷನ್ ಸಾಲದು. ಅದಕ್ಕೆ 1 ಜಿಬಿಯ ಬೇರೆ ಇಎಫ್‌ಐ ಪಾರ್ಟಿಷನ್ ಮಾಡಿಕೊಡಿ.

48 ಅಂಕಿಯ ಕೀ ಕೇಳುತ್ತಿದೆ

ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಕೂಡಲೇ ಡಿವೈಸ್ ಎನ್‌ಕ್ರಿಪ್ಷನ್ ತಾನಾಗಿ ಚಾಲೂ ಆಗುತ್ತದೆ; 24ಎಚ್2 ಆವೃತ್ತಿಯಿಂದ ಇನ್ನೂ ಹೆಚ್ಚು ಯಂತ್ರಗಳಲ್ಲಿ. ಕೀ ಕಾಪಾಡುವ ಟಿಪಿಎಂ ಚಿಪ್ ಸೆಕ್ಯೂರ್ ಬೂಟ್‌ನ ಸ್ಥಿತಿ, ಬೂಟ್‌ನ ಹಾದಿ ಎಲ್ಲವನ್ನೂ ನೆನಪಿಟ್ಟುಕೊಂಡು ಕೀ ಬಿಡುತ್ತದೆ. ನೀವು ಸೆಕ್ಯೂರ್ ಬೂಟ್ ಆಫ್ ಮಾಡಿದಿರಿ, ಡಿಸ್ಕ್ ಮೋಡ್ ಬದಲಿಸಿದಿರಿ ಎಂದರೆ ಅದಕ್ಕೆ ಸಂಶಯ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಯಂತ್ರ ಕೆಟ್ಟಿಲ್ಲ. ಬದಲಿಸಿದ್ದನ್ನು ಮೊದಲಿನಂತೆ ಮಾಡಿದರೆ ಹೆಚ್ಚಾಗಿ ಕೇಳದೆ ಬೂಟ್ ಆಗುತ್ತದೆ. ಇಲ್ಲವಾದರೆ ಮೊಬೈಲ್‌ನಿಂದ ಅದೇ ಮೈಕ್ರೋಸಾಫ್ಟ್ ಖಾತೆಗೆ ಹೋಗಿ, ಸಾಧನಗಳ ಪಟ್ಟಿಯಲ್ಲಿ ಕೀ ಹುಡುಕಿ. ಅಂಗಡಿಯ ಹುಡುಗನೋ ಮಗನ ಸ್ನೇಹಿತನೋ ಯಾವುದೋ ಖಾತೆ ಹಾಕಿ ಯಂತ್ರ ಸಿದ್ಧ ಮಾಡಿಕೊಟ್ಟಿದ್ದರೆ ಕೀ ಆ ಖಾತೆಯಲ್ಲಿದೆ.

ವೈಫೈ ಇಲ್ಲ

'ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ' ಕೊಟ್ಟು ನೆಟ್‌ವರ್ಕ್ ಕಂಟ್ರೋಲರ್ ಸಾಲಿನ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಇದೆಯೇ ನೋಡಿ. ಆ ಸಾಲು ಇಲ್ಲದಿದ್ದರೆ ಡ್ರೈವರ್ ಇಲ್ಲ, ಕರ್ನಲ್ ಹಳೆಯದು. ಉದಾಹರಣೆಗೆ ರಿಯಲ್‌ಟೆಕ್ ಆರ್‌ಟಿಎಲ್8852ಬಿಇ ಚಿಪ್‌ಗೆ ಡ್ರೈವರ್ ಬಂದದ್ದು ಕರ್ನಲ್ 6.2ರಲ್ಲಿ. ಡೆಬಿಯನ್ 12ರ ಕರ್ನಲ್ 6.1, ಅದರಲ್ಲಿ ಈ ಕಾರ್ಡ್ ಸತ್ತಂತೆಯೇ ಇರುತ್ತದೆ. ಉಬುಂಟು 24.04ರದು 6.8, ಡೆಬಿಯನ್ 13ರದು 6.12, ಎರಡರಲ್ಲೂ ನಡೆಯುತ್ತದೆ. ಯಂತ್ರ ಹೊಸದಾದಷ್ಟೂ ಸಿಸ್ಟಮ್ ಕೂಡ ಹೊಸದಿರಲಿ. "ಸ್ಟೇಬಲ್" ಎಂಬ ಮೋಹಕ್ಕೆ ಬಿದ್ದು ಹಳೆ ಆವೃತ್ತಿ ಹಾಕುವುದೇ ಅರ್ಧ ತಕರಾರಿನ ಮೂಲ.

ಡ್ರೈವರ್ ಇದ್ದೂ ನೆಟ್‌ವರ್ಕ್ ಕಾಣದಿದ್ದರೆ 'ಸುಡೊ ಡಿಮೆಸ್‌ಜಿ' ಉತ್ತರದಲ್ಲಿ ಫರ್ಮ್‌ವೇರ್ ಸಿಗಲಿಲ್ಲ ಎಂಬ ಸಾಲು ಹುಡುಕಿ, ಲಿನಕ್ಸ್ ಫರ್ಮ್‌ವೇರ್ ಪ್ಯಾಕೇಜ್ ಹಾಕಿ. 'ಆರ್‌ಎಫ್‌ಕಿಲ್ ಲಿಸ್ಟ್' ನಲ್ಲಿ ಹಾರ್ಡ್ ಬ್ಲಾಕ್ಡ್ ಎಂದಿದ್ದರೆ ವಿಮಾನದ ಚಿತ್ರ ಇರುವ ಕೀ ಒತ್ತಿ. ಎರಡೂ ಸಿಸ್ಟಮ್ ಇರುವಲ್ಲಿ ವಿಂಡೋಸ್‌ನಿಂದ ಬಂದ ಮೇಲೆ ಮಾತ್ರ ವೈಫೈ ಸಿಗುವುದಿಲ್ಲ ಎಂದಾದರೆ ಅದು ಫಾಸ್ಟ್ ಸ್ಟಾರ್ಟಪ್‌ನ ಕೆಲಸ: ವಿಂಡೋಸ್ ಪೂರ್ತಿ ಆರುವುದೇ ಇಲ್ಲ, ಅರೆನಿದ್ದೆಯಲ್ಲಿ ಕಾರ್ಡನ್ನೂ ಎನ್‌ಟಿಎಫ್‌ಎಸ್ ಪಾರ್ಟಿಷನ್ನನ್ನೂ ಹಿಡಿದುಕೊಂಡಿರುತ್ತದೆ. ಮೇಲೆ ಹೇಳಿದ ಹೈಬರ್ನೇಷನ್ ಆಫ್ ಆಜ್ಞೆಯಿಂದ ಇದೂ ಹೋಗುತ್ತದೆ.

ಇಷ್ಟೆಲ್ಲ ಡೌನ್‌ಲೋಡ್ ಮಾಡಲು ವೈಫೈ ಇಲ್ಲವಲ್ಲ ಎಂದರೆ, ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಹಾಕಿ. ಯಾವ ಡ್ರೈವರೂ ಬೇಡ.

ಇನ್‌ಸ್ಟಾಲ್ ಆದ ಮೇಲೆ ಕಪ್ಪು ಪರದೆ

ಪ್ಯಾನೆಲ್ ತಪ್ಪೋ ಡ್ರೈವರ್ ತಪ್ಪೋ ಎಂದು ಬೇರೆ ಮಾಡಲು ಡೆಲ್‌ನಲ್ಲಿ ಸುಲಭ ದಾರಿ ಇದೆ: ಡಿ ಕೀ ಒತ್ತಿ ಹಿಡಿದು ಪವರ್ ಒತ್ತಿ. ಪರದೆ ಬಣ್ಣ ಬದಲಿಸುತ್ತಾ ಹೋದರೆ ಪ್ಯಾನೆಲ್ ಸರಿ ಇದೆ. ಹಾಗಿದ್ದರೆ ಗ್ರಬ್ ಮೆನುವಿನಲ್ಲಿ (ಯಾವ ಸಿಸ್ಟಮ್ ಎಬ್ಬಿಸಲಿ ಎಂದು ಕೇಳುವ ಪಟ್ಟಿ) ಇ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ 'ನೋಮೋಡ್‌ಸೆಟ್' ಸೇರಿಸಿ, ಎಫ್10 ಒತ್ತಿ ಬೂಟ್ ಮಾಡಿ. ಎನ್‌ವಿಡಿಯಾ ಕಾರ್ಡ್ ಇದ್ದರೆ 'ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್' ಕೊಡಿ. ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ಅದು ಒಂದು ಪಾಸ್‌ವರ್ಡ್ ಕೇಳುತ್ತದೆ. ಮುಂದಿನ ಬೂಟ್‌ನಲ್ಲಿ ನೀಲಿ ಮೆನು ಬಂದು ಹತ್ತು ಸೆಕೆಂಡ್ ಮಾತ್ರ ಕಾಯುತ್ತದೆ. ಆಗ ಯಾವುದಾದರೂ ಕೀ ಒತ್ತಿ, ಎನ್‌ರೋಲ್ ಎಂಒಕೆ ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಚಹಾ ತರಲು ಎದ್ದು ಹೋದರೆ ಆ ಅವಕಾಶ ತಪ್ಪುತ್ತದೆ, ಡ್ರೈವರ್ ಲೋಡ್ ಆಗುವುದಿಲ್ಲ.

ಚಾರ್ಜರ್ ಹಾಕಿದಾಗ ಮಾತ್ರ ಬರುವ ದೋಷಗಳು

ಕರ್ಸರ್ ತಾನಾಗಿ ಹಾರುತ್ತದೆ, ಟಚ್‌ಪ್ಯಾಡ್ ಮಾತು ಕೇಳುವುದಿಲ್ಲ, ಲೋಹದ ಮೈ ಮುಟ್ಟಿದರೆ ಜುಮ್ ಎನ್ನುತ್ತದೆ, ಇಯರ್‌ಫೋನ್‌ನಲ್ಲಿ ಗುಂಯ್ ಶಬ್ದ. ಲಿನಕ್ಸ್ ಹಾಕಿದ ಮೇಲೆ ಇದು ಕಂಡರೆ ಎಲ್ಲರೂ ಡ್ರೈವರ್ ಹುಡುಕುತ್ತಾರೆ. ಮೊದಲು ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಐದು ನಿಮಿಷ ಬಳಸಿ. ಎಲ್ಲ ಸರಿಯಾದರೆ ಕಾರಣ ಅರ್ತಿಂಗ್.

ಅಡಾಪ್ಟರ್ ಒಳಗೆ ಕರೆಂಟಿನ ಗದ್ದಲ (ನಾಯ್ಸ್) ತಡೆಯಲೆಂದು ಹಾಕಿದ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವುಗಳ ಮೂಲಕ ಅತಿ ಸಣ್ಣ ಸೋರಿಕೆ ಕರೆಂಟ್ ಮೂರನೆಯ ಪಿನ್‌ನಿಂದ ನೆಲಕ್ಕೆ ಹೋಗಬೇಕು. ಆ ಪಿನ್‌ಗೆ ನೆಲವೇ ಇಲ್ಲದಿದ್ದರೆ ಲ್ಯಾಪ್‌ಟಾಪ್‌ನ ಮೈ ನೂರಕ್ಕೂ ಹೆಚ್ಚು ವೋಲ್ಟ್‌ನಲ್ಲಿ ತೇಲುತ್ತದೆ. ಕರೆಂಟ್ ಅಲ್ಪ, ಅಪಾಯ ಕಡಿಮೆ, ಆದರೆ ಬೆರಳಿನ ಕೆಪಾಸಿಟೆನ್ಸ್ ಅಳೆದೇ ಕೆಲಸ ಮಾಡುವ ಟಚ್‌ಪ್ಯಾಡ್‌ಗೆ ಅಷ್ಟು ಸಾಕು.

ನಮ್ಮ ಕಡೆ ಇದು ಹೆಚ್ಚಾಗಲು ನೆಲವೇ ಕಾರಣ. ಮುರಕಲ್ಲಿನ ನೆಲ ನೀರು ಹಿಡಿದಿಡುವುದಿಲ್ಲ. ಮಳೆಗಾಲದಲ್ಲಿ ಚೆನ್ನಾಗಿ ಕೆಲಸ ಮಾಡಿದ ಅರ್ತ್ ಗುಂಡಿ ಮಾರ್ಚ್ ಬಂದಾಗ ಒಣಗಿ, ಅದರ ರೋಧ ಏರುತ್ತದೆ. ಮಳೆಯಲ್ಲಿ ಸರಿಯಿದ್ದ ಟಚ್‌ಪ್ಯಾಡ್ ಬೇಸಿಗೆಯಲ್ಲಿ ಕುಣಿಯಲು ಶುರು ಮಾಡಿದರೆ ನಡುವೆ ಬಂದ ಕರ್ನಲ್ ಅಪ್‌ಡೇಟನ್ನು ಬೈಯುವ ಮೊದಲು ಗುಂಡಿಗೆ ನಾಲ್ಕು ಕೊಡಪಾನ ನೀರು ಹಾಕಿ ನೋಡಿ. ಎಲೆಕ್ಟ್ರಿಷಿಯನ್ ಬಂದರೆ ಮಲ್ಟಿಮೀಟರ್‌ನಲ್ಲಿ ಮೂರು ಅಳತೆ ಕೇಳಿ: ಫೇಸ್ ಮತ್ತು ನ್ಯೂಟ್ರಲ್ ನಡುವೆ ಸುಮಾರು 230 ವೋಲ್ಟ್, ಫೇಸ್ ಮತ್ತು ಅರ್ತ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಐದಕ್ಕಿಂತ ಕಡಿಮೆ. ಫೇಸ್ ಮತ್ತು ಅರ್ತ್ ನಡುವೆ ನೂರರ ಆಸುಪಾಸು ಬಂದರೆ ಅರ್ತ್ ತಂತಿ ಎಲ್ಲೋ ತುಂಡಾಗಿದೆ. ಸಾಕೆಟ್ ಒಳಗೆ ಅರ್ತನ್ನು ನ್ಯೂಟ್ರಲ್‌ಗೆ ಕಟ್ಟಿ "ಸರಿಯಾಯಿತು" ಎನ್ನುವವರಿದ್ದಾರೆ. ನ್ಯೂಟ್ರಲ್ ಕಡಿದ ದಿನ ಲ್ಯಾಪ್‌ಟಾಪ್‌ನ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ, ಒಪ್ಪಲೇಬೇಡಿ. ಮೂರು ಪಿನ್ನನ್ನು ಎರಡು ಪಿನ್ ಮಾಡುವ ಕನ್ವರ್ಟರ್ ಕೂಡ ಬೇಡ.

ಇನ್ನೊಂದು: ಲಿನಕ್ಸ್ ಹಾಕಿದ ಮೇಲೆ ಯಂತ್ರ ಆಮೆಯಾಯಿತು ಎಂಬ ದೂರು. 'ಎಲ್‌ಎಸ್‌ಸಿಪಿಯು' ಅಥವಾ ಸಿಸ್ಟಮ್ ಮಾನಿಟರ್‌ನಲ್ಲಿ ವೇಗ 400 ಅಥವಾ 800 ಮೆಗಾಹರ್ಟ್ಸ್‌ನಲ್ಲೇ ನಿಂತಿದ್ದರೆ, ಬಯೋಸ್‌ನಲ್ಲಿ ಅಡಾಪ್ಟರ್ ಯಾವುದೆಂದು ತೋರಿಸುತ್ತಿದೆ ನೋಡಿ. ಡೆಲ್‌ನ ದುಂಡು ಪಿನ್‌ನ ನಡುವೆ ಸೂಜಿಯಂಥ ಪಿನ್ ಒಂದಿದೆ. ಅಡಾಪ್ಟರ್ ಎಷ್ಟು ವ್ಯಾಟ್‌ನದು ಎಂದು ಅದರಿಂದಲೇ ಯಂತ್ರಕ್ಕೆ ತಿಳಿಯುವುದು. ಅದು ಬಾಗಿದರೆ, ಮಲ್ಪೆ, ಉಳ್ಳಾಲದಂಥ ಕಡಲ ಬದಿಯ ಮನೆಗಳಲ್ಲಿ ಉಪ್ಪುಗಾಳಿಗೆ ಕಿಲುಬಿದರೆ, ಯಂತ್ರ ಅಡಾಪ್ಟರ್ ಗುರುತು ಸಿಗಲಿಲ್ಲ ಎಂದು ಬ್ಯಾಟರಿ ಚಾರ್ಜ್ ನಿಲ್ಲಿಸುತ್ತದೆ, ಪ್ರೊಸೆಸರ್ ವೇಗ ಇಳಿಸುತ್ತದೆ. ಆಪರೇಟಿಂಗ್ ಸಿಸ್ಟಮ್‌ಗೂ ಇದಕ್ಕೂ ಸಂಬಂಧವಿಲ್ಲ. ಕಡಿಮೆ ವ್ಯಾಟ್‌ನ ಮೊಬೈಲ್ ಚಾರ್ಜರನ್ನು ಟೈಪ್ ಸಿ ಕಿಂಡಿಗೆ ಹಾಕಿದಾಗಲೂ ಹೀಗೆಯೇ ಆಗಬಹುದು.

ಸಿಡಿಲಿನ ದಿನಗಳಲ್ಲಿ ಚಾರ್ಜರ್ ಜೊತೆ ಲ್ಯಾನ್ ಕೇಬಲ್ ಕೂಡ ಕೀಳಿ. ಮರುದಿನ ಲ್ಯಾನ್ ಇಲ್ಲ ಎಂದಾದರೆ 'ಎಲ್‌ಎಸ್‌ಪಿಸಿಐ' ನೋಡಿ. ಈಥರ್ನೆಟ್ ಸಾಲೇ ಮಾಯವಾಗಿದ್ದರೆ ಚಿಪ್ ಹೋಗಿದೆ; ಸಾಲು ಇದ್ದು ಕ್ಯಾರಿಯರ್ ಇಲ್ಲ ಎಂದು 'ಐಪಿ ಲಿಂಕ್' ಹೇಳಿದರೆ ಕೇಬಲ್, ರೂಟರ್ ಮೊದಲು ಬದಲಿಸಿ ನೋಡಿ.

ಮುಚ್ಚಿಟ್ಟರೂ ಬಿಸಿ, ಬೆಳಿಗ್ಗೆ ಬ್ಯಾಟರಿ ಖಾಲಿ

'ಕ್ಯಾಟ್ /ಸಿಸ್/ಪವರ್/ಮೆಮ್_ಸ್ಲೀಪ್' ಕೊಡಿ. ಉತ್ತರದಲ್ಲಿ ಎಸ್2ಐಡಲ್ ಮಾತ್ರ ಇದ್ದರೆ ಯಂತ್ರದಲ್ಲಿ ಹಳೆಯ ಎಸ್3 ನಿದ್ದೆ ಇಲ್ಲ, ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳು ಹೀಗೆಯೇ. ಡೀಪ್ ಎಂಬುದೂ ಇದ್ದರೆ ಅದನ್ನು ಆರಿಸಿ. ಕೆಲವು ಥಿಂಕ್‌ಪ್ಯಾಡ್‌ಗಳ ಬಯೋಸ್‌ನಲ್ಲಿ ಪವರ್ ವಿಭಾಗದ ಸ್ಲೀಪ್ ಸ್ಟೇಟನ್ನು ಲಿನಕ್ಸ್ ಎಂದು ಬದಲಿಸಿದರೆ ಡೀಪ್ ಕಾಣಿಸಿಕೊಳ್ಳುತ್ತದೆ. ಇಲ್ಲದಿದ್ದಲ್ಲಿ ಹೈಬರ್ನೇಟ್ ದಾರಿ, ಆದರೆ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಕರ್ನಲ್‌ನ ಲಾಕ್‌ಡೌನ್ ಹೈಬರ್ನೇಟ್ ಮಾಡಲು ಬಿಡುವುದಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕು. ಬ್ಯಾಗಿನಲ್ಲಿ ಹಾಕಿ ಬಸ್ ಹತ್ತುವವರಿಗೆ ಶಟ್‌ಡೌನ್ ಮಾಡುವುದೇ ಸರಳ.

ಚಿಲ್ಲರೆ ತಕರಾರುಗಳು

ಗಡಿಯಾರ ಸರಿಯಾಗಿ ಐದೂವರೆ ಗಂಟೆ ತಪ್ಪು: ವಿಂಡೋಸ್ ಯಂತ್ರದ ಗಡಿಯಾರವನ್ನು ಭಾರತೀಯ ಸಮಯ ಎಂದುಕೊಳ್ಳುತ್ತದೆ, ಲಿನಕ್ಸ್ ಯುಟಿಸಿ (ಗ್ರೀನಿಚ್ ಸಮಯ) ಎಂದು. 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಕೊಟ್ಟರೆ ಜಗಳ ಮುಗಿಯುತ್ತದೆ. ಗಡಿಯಾರ ದಿನವೂ ಬೇರೆ ಬೇರೆಯಷ್ಟು ತಪ್ಪಿದರೆ ಮಾತ್ರ ಮದರ್‌ಬೋರ್ಡ್‌ನ ಗಡಿಯಾರದ ಬ್ಯಾಟರಿ ಸೆಲ್ ನೋಡಿ.

ಸೌಂಡ್‌ನಲ್ಲಿ "ಡಮ್ಮಿ ಔಟ್‌ಪುಟ್": ಇಂಟೆಲ್‌ನ ಎಸ್‌ಒಎಫ್ ಫರ್ಮ್‌ವೇರ್ ಪ್ಯಾಕೇಜ್ ಇಲ್ಲ. ಹಾಕಿ ರೀಸ್ಟಾರ್ಟ್ ಮಾಡಿ.

ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳು ಅರ್ಥವಾಗದ ಅಕ್ಷರಗಳಾಗಿ ಕಂಡರೆ ಫಾಂಟ್ ಕೊರತೆ ಅಲ್ಲ. ಅವು ಯೂನಿಕೋಡ್‌ಗಿಂತ ಹಿಂದಿನ ಆಸ್ಕಿ ಫಾಂಟ್‌ನಲ್ಲಿ ಬರೆದವು, ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಬೇಕು. ಚೌಕಗಳಾಗಿ ಕಂಡರೆ ಮಾತ್ರ ಫಾಂಟ್ ಇಲ್ಲ: ಗುಬ್ಬಿ, ನವಿಲು, ಲೋಹಿತ್, ನೋಟೊ ಯಾವುದಾದರೂ ಹಾಕಿ. ಕೀಬೋರ್ಡ್‌ಗೆ ಇನ್‌ಪುಟ್ ಮೂಲಗಳಲ್ಲಿ ಕನ್ನಡ ಕಗಪ ಸೇರಿಸಿದರೆ ನುಡಿ ಬಳಸಿದ ಕೈಗೆ ತಕ್ಷಣ ಒಗ್ಗುತ್ತದೆ.

ಪ್ರಿಂಟರ್ ವಿಷಯದಲ್ಲಿ ಎಚ್‌ಪಿಗೆ ಎಚ್‌ಪಿಎಲ್‌ಐಪಿ ಇದೆ, ಸುಲಭ. ಕಚೇರಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ2900 ಮಾತ್ರ ಕ್ಯಾಪ್ಟ್ ಎಂಬ ತನ್ನದೇ ಭಾಷೆ ಮಾತಾಡುತ್ತದೆ. ಅದರ ಹಳೆಯ ಡ್ರೈವರನ್ನು ಹೊಸ ಲಿನಕ್ಸ್‌ನಲ್ಲಿ ಕೂರಿಸಲು ಒಂದು ಮಧ್ಯಾಹ್ನ ಹೋಗಬಹುದು. ಪ್ರಿಂಟರನ್ನು ವಿಂಡೋಸ್ ಯಂತ್ರಕ್ಕೇ ಬಿಟ್ಟು ಪಿಡಿಎಫ್ ಕಳಿಸುವುದು ಬುದ್ಧಿವಂತಿಕೆ.

ಬೆರಳಚ್ಚು ಓದುಗ ಮತ್ತು ಕೆಲವು ಇಂಟೆಲ್ ಯಂತ್ರಗಳ ಐಪಿಯು6 ಕ್ಯಾಮೆರಾ ನಡೆಯದಿದ್ದರೆ ಬಯೋಸ್ ಜಾಲಾಡಬೇಡಿ. ಬೆರಳಚ್ಚಿಗೆ ಲಿಬ್‌ಎಫ್‌ಪ್ರಿಂಟ್‌ನ ಪಟ್ಟಿಯಲ್ಲಿ ನಿಮ್ಮ ಸಾಧನದ ಸಂಖ್ಯೆ ಇದೆಯೇ ಎಂದು 'ಎಲ್‌ಎಸ್‌ಯುಎಸ್‌ಬಿ' ಉತ್ತರದೊಂದಿಗೆ ತಾಳೆ ನೋಡಿ.

ಲಿನಕ್ಸ್ ಬಿಟ್ಟು ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ, ಹೈಕು ಎಂಬ ಬೇರೆ ಸಿಸ್ಟಮ್ ಹಾಕಿ ನೋಡುವ ಆಸೆ ಇದ್ದವರು ವೈಫೈ ಮತ್ತು ನಿದ್ದೆ, ಈ ಎರಡನ್ನು ಮೊದಲು ಪರೀಕ್ಷಿಸಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ಕೈಕೊಡುವುದು ಅಲ್ಲಿಯೇ. ಸೆಕ್ಯೂರ್ ಬೂಟ್ ಆಫ್ ಇರಬೇಕು. ಓಪನ್‌ಬಿಎಸ್‌ಡಿಯಲ್ಲಿ ವೈಫೈ ಫರ್ಮ್‌ವೇರ್ ತರಲು 'ಎಫ್‌ಡಬ್ಲ್ಯೂ_ಅಪ್‌ಡೇಟ್' ಇದೆ, ಅದಕ್ಕೂ ಮೊದಲು ಲ್ಯಾನ್ ಅಥವಾ ಫೋನ್ ಟೆದರಿಂಗ್ ಬೇಕು.

ಸರ್ವಿಸ್‌ಗೆ ಫೋನ್ ಮಾಡುವಾಗ

ಬೂಟ್‌ಗೆ ಮುಂಚಿನ ಪರೀಕ್ಷೆಯಲ್ಲಿ ಬಂದ ದೋಷ ಸಂಖ್ಯೆ, ದೃಢೀಕರಣ ಸಂಖ್ಯೆ, ಸರ್ವಿಸ್ ಟ್ಯಾಗ್ ಹೇಳಿ. ಎಚ್‌ಪಿಯಲ್ಲಿ ದೋಷ ಸಂಖ್ಯೆ ಎಂದರೆ 24 ಅಕ್ಷರಗಳ ಫೇಲ್ಯೂರ್ ಐಡಿ. ಪರೀಕ್ಷೆ ಪಾಸ್ ಆಗಿಯೂ ಯಂತ್ರ ಆಗಾಗ ಹೆಪ್ಪುಗಟ್ಟುತ್ತಿದ್ದರೆ ಮೆಮ್‌ಟೆಸ್ಟ್86+ನ 6ನೇ ಅಥವಾ ಅದರ ನಂತರದ ಆವೃತ್ತಿಯನ್ನು ರಾತ್ರಿಯಿಡೀ ಓಡಿಸಿ. ಹಿಂದಿನವು ಯುಇಎಫ್‌ಐಯಲ್ಲಿ (ಈಗಿನ ಬಗೆಯ ಬಯೋಸ್) ಏಳುವುದಿಲ್ಲ. ಸೆಕ್ಯೂರ್ ಬೂಟ್ ತಡೆದರೆ ಅದನ್ನು ಆಫ್ ಮಾಡಿ. ಒಂದೇ ಒಂದು ಕೆಂಪು ಸಾಲು ಬಂದರೂ ರ‍್ಯಾಮ್ ಕೆಟ್ಟಿದೆ. ಫೋಟೊ ತೆಗೆದು ಇಮೇಲ್‌ಗೆ ಹಾಕಿ.

ತಂತ್ರಜ್ಞರು ಮನೆಗೆ ಬರುವ ಮೊದಲು ಡೇಟಾ ನಕಲು ಮಾಡಿಟ್ಟುಕೊಳ್ಳಿ, ರಿಕವರಿ ಡ್ರೈವ್ ಮೇಜಿನ ಮೇಲಿರಲಿ. ಮದರ್‌ಬೋರ್ಡ್ ಬದಲಿಸಿದರೆ ಟಿಪಿಎಂ ಹೊಸದು, ಬೂಟ್ ಪಟ್ಟಿಯೂ ಖಾಲಿ: ವಿಂಡೋಸ್ ಮತ್ತೆ 48 ಅಂಕಿ ಕೇಳುತ್ತದೆ, ಲಿನಕ್ಸ್ ಮೆನುವಿನಲ್ಲೇ ಇರುವುದಿಲ್ಲ. ಲಿನಕ್ಸ್ ಅಳಿದಿಲ್ಲ. ಬಯೋಸ್‌ನ ಬೂಟ್ ವಿಭಾಗದಲ್ಲಿ ಹೊಸ ಬೂಟ್ ಆಯ್ಕೆ ಸೇರಿಸಿ, ಇಎಫ್‌ಐ ಪಾರ್ಟಿಷನ್‌ನ ಉಬುಂಟು ಫೋಲ್ಡರ್‌ನಲ್ಲಿರುವ ಶಿಮ್ ಫೈಲನ್ನು ತೋರಿಸಿದರೆ ವಾಪಸ್ ಬರುತ್ತದೆ. ಹೊಸ ಬೋರ್ಡ್‌ನಲ್ಲಿ ಡಿಸ್ಕ್ ಮೋಡ್ ಮತ್ತೆ ರೈಡ್ ಆನ್ ಆಗಿರುತ್ತದೆ, ತಂತ್ರಜ್ಞರು ಹೊರಡುವ ಮೊದಲೇ ಅದನ್ನು ಬದಲಿಸಿ, ಎರಡೂ ಸಿಸ್ಟಮ್ ಬೂಟ್ ಮಾಡಿ ನೋಡಿ, ಆಮೇಲೆ ಸಹಿ ಹಾಕಿ.